ತೇಜಸ್ ನೆಟ್‌ವರ್ಕ್ಸ್: ಆರ್ಡರ್ ಬಂತು, ದುಡ್ಡು ಬಂತಾ?

2000ದಲ್ಲಿ ಬೆಂಗಳೂರಲ್ಲಿ ಶುರುವಾದ, ದೂರಸಂಪರ್ಕ ಉಪಕರಣ ತಯಾರಿಸುವ ತೇಜಸ್ ನೆಟ್‌ವರ್ಕ್ಸ್ ಷೇರು ಕೊಳ್ಳೋ ಯೋಚನೆ ಇದ್ದರೆ ಲಾಭಕ್ಕಿಂತ ಮೊದಲು ಕಂಪನಿಯ ಲೆಕ್ಕಪತ್ರದ ಎರಡು ಸಾಲು ಓದಿ: ಗ್ರಾಹಕರಿಂದ ಬರಬೇಕಾದ ಬಾಕಿ, ಗೋದಾಮಿನ ದಾಸ್ತಾನು.

2023ರ ಆಗಸ್ಟ್‌ನಲ್ಲಿ ಟಿಸಿಎಸ್ ಮೂಲಕ ಬಿಎಸ್‌ಎನ್‌ಎಲ್‌ನ 1 ಲಕ್ಷ ಮೊಬೈಲ್ ಟವರ್ ಸೈಟುಗಳಿಗೆ ರೇಡಿಯೊ ಉಪಕರಣ ಕೊಡುವ 7,492 ಕೋಟಿ ರೂಪಾಯಿಯ ಆರ್ಡರ್ ಸಿಕ್ಕಿತು. 2023-24ರಲ್ಲಿ ಸುಮಾರು 2,470 ಕೋಟಿ ಇದ್ದ ವರಮಾನ ಮರುವರ್ಷ 8,900 ಕೋಟಿ ದಾಟಿತು. ಆ ಸರಬರಾಜು ಮುಗಿಯುತ್ತಿದ್ದಂತೆ 2025ರ ಏಪ್ರಿಲ್-ಜೂನ್‌ನಲ್ಲಿ ಬರೀ 202 ಕೋಟಿ, ಜೊತೆಗೆ ನಷ್ಟ. ಒಬ್ಬನೇ ದೊಡ್ಡ ಗ್ರಾಹಕನನ್ನು ನಂಬಿದ ವ್ಯಾಪಾರದ ಪಾಡು ಇದು.

ಇನ್ನೊಂದು ತೊಡಕು ನಗದಿನದು. ಸರಕು ಕೈಬದಲಾದಾಗ ವರಮಾನ ಲೆಕ್ಕಕ್ಕೆ ಬರುತ್ತೆ. ಸರ್ಕಾರಿ ಯೋಜನೆಗಳಲ್ಲಿ ದುಡ್ಡಿನ ಒಂದು ಪಾಲು ಅಳವಡಿಕೆ, ಪರೀಕ್ಷೆ, ಒಪ್ಪಿಗೆ ಮುಗಿಯೋವರೆಗೂ ಕಾಯುತ್ತೆ. ಚಿಪ್ ಕೊಟ್ಟವರು ಅಷ್ಟು ದಿನ ಕಾಯಲ್ಲ. ನಡುವಿನ ತಿಂಗಳುಗಳನ್ನು ಸಾಲದಿಂದ ತುಂಬಬೇಕು, ಬಡ್ಡಿ ಲಾಭವನ್ನು ತಿನ್ನುತ್ತೆ.

ಬಾಕಿಯನ್ನು ವರ್ಷದ ವರಮಾನದಿಂದ ಭಾಗಿಸಿ 365ರಿಂದ ಗುಣಿಸಿ. ಎಷ್ಟು ದಿನದ ಬಾಕಿ ಅಂತ ಗೊತ್ತಾಗುತ್ತೆ. ಪಿಎಲ್‌ಐ, ಅಂದರೆ ದೇಶದಲ್ಲೇ ತಯಾರಿಸಿದ್ದಕ್ಕೆ ಸರ್ಕಾರ ಕೊಡೋ ಪ್ರೋತ್ಸಾಹಧನ, ಕಳೆದು ಲಾಭ ಎಷ್ಟು ಉಳಿಯುತ್ತೆ ಅನ್ನೋದನ್ನೂ ನೋಡಿ.

ನಮ್ಮೂರಲ್ಲೇ ವಿನ್ಯಾಸವಾದ ರೇಡಿಯೊ ದೇಶದ ಟವರುಗಳ ಮೇಲೆ ಕೂತಿರೋದು ನಿಜಕ್ಕೂ ಹೆಮ್ಮೆ. ಷೇರಿಗೆ ಬೇಕಿರೋದು ಮಾತ್ರ ಎರಡನೇ, ಮೂರನೇ ದೊಡ್ಡ ಗ್ರಾಹಕ.