ವೈರ್ ಚುಚ್ಚೋಕೆ ಇಷ್ಟು ಹೊತ್ತಾ?

ಕಳೆದ ವಾರ ಗೋಣಿಕೊಪ್ಪದಲ್ಲಿ ಒಂದು ಮದುವೆ ಊಟ. ತಟ್ಟೆಗೆ ಕಡಂಬಿಟ್ಟು ಬಿದ್ದಿತ್ತು, ಪಂದಿಕರಿ ಇನ್ನೂ ಎರಡು ಸಾಲು ಆಚೆ ಇತ್ತು. ಪಕ್ಕದಲ್ಲಿ ಕೂತವರು ನನ್ನ ಮುಖ ನೋಡಿ, "ನೀವೇ ಅಲ್ವಾ ನಾಪೋಕ್ಲು ಕಡೆ ಆ ಹೋಮ್‌ಸ್ಟೇಗೆ ಇಂಟರ್ನೆಟ್ ಡಬ್ಬಿ ಹಾಕಿದ್ದು? ವೈರ್ ಚುಚ್ಚೋಕೆ ಒಂದಿಡೀ ದಿನ ತಗೊಂಡ್ರಂತೆ?" ಅಂದರು.

ನಾನು ನಕ್ಕೆ. ಈ ಪ್ರಶ್ನೆಗೆ ವರ್ಷಗಳಿಂದ ನಗುತ್ತಲೇ ಬಂದಿದ್ದೇನೆ. ಮಡಿಕೇರಿಯ ಅಂಗಡಿಯಲ್ಲಿ, ಸುಂಟಿಕೊಪ್ಪದ ತೋಟದಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ. ಇನ್ನು ನಗಲ್ಲ. ಯಾರು ಕೇಳಿದರೂ ಇದನ್ನು ಕಳಿಸುತ್ತೇನೆ. ಓದಿದರೆ ಓದಿ, ಇಲ್ಲದಿದ್ದರೆ ಊಟ ಮಾಡಿ.

ಮೊದಲು ಆ 'ಚುಚ್ಚೋದು' ಅನ್ನುವ ಮಾತು. ಕಾಫಿ ಗಿಡ ಕಪಾತು ಮಾಡುವವನ ಹಿಂದೆ ನಿಂತು "ರೆಂಬೆ ಕಡಿಯೋಕೆ ಇಷ್ಟು ಹೊತ್ತಾ" ಅಂತ ಯಾವ ತೋಟದವರೂ ಕೇಳುವುದಿಲ್ಲ. ಕಡಿಯೋದು ಒಂದು ಕ್ಷಣ, ಯಾವುದನ್ನು ಬಿಡಬೇಕು ಅಂತ ನೋಡೋದೇ ಕೆಲಸ ಅಂತ ಅವರಿಗೆ ಗೊತ್ತು. ನನ್ನ ಕತ್ತರಿ ಮಾತ್ರ ಯಾರ ಕಣ್ಣಿಗೂ ಕಾಣುವುದಿಲ್ಲ. ನಾನು ಲ್ಯಾಪ್‌ಟಾಪ್ ಮುಂದೆ ಸುಮ್ನೆ ಕೂತಂತೆ ಕಾಣುತ್ತೇನೆ.

ಎರಡನೇದು, "ಸಾವಿರ ರೂಪಾಯಿ ಒಳಗೇ ಒಂದು ಸ್ವಿಚ್ ಸಿಗುತ್ತಂತಲ್ಲ?" ಸ್ವಿಚ್ ಅಂದರೆ ಲೈಟಿನದ್ದಲ್ಲ, ನೆಟ್‌ವರ್ಕ್ ವೈರುಗಳನ್ನೆಲ್ಲ ಒಂದಕ್ಕೊಂದು ಸೇರಿಸುವ ಡಬ್ಬಿ. ಸಿಗುತ್ತದೆ. ನಮ್ಮ ಮನೆಯಲ್ಲೂ ಅದೇ ಇದೆ. ಒಂದು ಟಿವಿ, ಒಂದು ಕಂಪ್ಯೂಟರ್ ಇರುವ ಮನೆಗೆ ಅದು ಧಾರಾಳ. ಅದಕ್ಕೆ ನಿಜವಾಗಿಯೂ ವೈರ್ ಚುಚ್ಚಿದರೆ ಸಾಕು. ಯಾರ ಮಾತನ್ನು ಯಾರಿಗೆ ಬೇಕಾದರೂ ದಾಟಿಸುತ್ತದೆ. ತೊಂದರೆ ಇರುವುದೂ ಅಲ್ಲೇ.

ನಾಪೋಕ್ಲಿನ ಆ ಮನೆಗೆ ಬರುತ್ತೇನೆ. ಹಳೇ ಮನೆ, ಇಳಿಜಾರಲ್ಲಿ ನಾಲ್ಕು ಕಾಟೇಜು, ಎಂಟು ಕ್ಯಾಮೆರಾ, ಐದು ಕಡೆ ವೈಫೈ. ಇಷ್ಟಕ್ಕೂ ಅಂಥ ಅಗ್ಗದ ಮೂರು ಡಬ್ಬಿ, ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಹಾಗೆ. ಒಂದಂತೂ ಅಡುಗೆಮನೆ ಅಟ್ಟದಲ್ಲಿ, ಸೌದೆ ಒಲೆಯ ಹೊಗೆಗೆ ಕಪ್ಪಾಗಿ ಕೂತಿತ್ತು. ಅತಿಥಿಗಳ ಫೋನು, ಮನೆಯವರ ಕಂಪ್ಯೂಟರು, ಕ್ಯಾಮೆರಾ, ಟಿವಿ ಎಲ್ಲ ಒಂದೇ ಬಯಲಲ್ಲಿ. ಒಂದು ಸಂಜೆ ಆ ಮನೆಯ ಅಜ್ಜಿ ಸೀರಿಯಲ್ ನೋಡುತ್ತಿದ್ದರು. ಮೂರನೇ ಕಾಟೇಜಿನ ಮಗು ಅಮ್ಮನ ಫೋನಲ್ಲಿ ಏನೋ ಒತ್ತಿತು. ನಾಯಕಿ ಬಾಯಿಗೆ ಸೆರಗು ಒತ್ತಿ ಅಳುವ ಹೊತ್ತಿಗೆ ಸರಿಯಾಗಿ ಅಜ್ಜಿಯ ಟಿವಿಯಲ್ಲಿ ಕಾರ್ಟೂನ್ ಹಂದಿಮರಿ ಕುಣಿಯಿತು. ಟಿವಿಗೆ ಏನೋ ಮೆಟ್ಟಿಕೊಂಡಿದೆ ಅಂತ ಅಜ್ಜಿ ಪ್ಲಗ್ ಕಿತ್ತು ಕುಂಕುಮ ಹಚ್ಚಿದರು. ಆ ಕುಂಕುಮ ನಾನು ಹೋದಾಗಲೂ ಇತ್ತು.

ನಗು ಬರುತ್ತದೆ, ಸರಿ. ಆದರೆ ಆ ಮಗುವಿಗೆ ಟಿವಿ ಸಿಕ್ಕಿದ ಹಾಗೆಯೇ ಕ್ಯಾಮೆರಾ ರೆಕಾರ್ಡರೂ ಸಿಗುತ್ತಿತ್ತು. ಅದರ ಪಾಸ್‌ವರ್ಡ್ ಏನಿತ್ತು ಅಂತ ಇಲ್ಲಿ ಬರೆಯಲ್ಲ. ಊಹಿಸಿದ್ದೀರಿ, ಅದೇ.

ಆಮೇಲೆ ಕಕ್ಕಡ ಮಾಸ ಬಂತು. ಜಡಿಮಳೆ. ಸಾಹುಕಾರರ ತಂಗಿ ಮಗ ರಜೆಗೆ ಬಂದಿದ್ದ, ಅಚ್ಚುಕಟ್ಟು ಹುಡುಗ. ಡಬ್ಬಿಯ ಪಕ್ಕ ಒಂದು ವೈರಿನ ತುದಿ ನೇತಾಡುತ್ತಿರುವುದು ನೋಡಿ, ಪಾಪ, ಖಾಲಿ ತೂತಿಗೆ ಹಾಕಿದ. ಅದರ ಇನ್ನೊಂದು ತುದಿ ಆಗಲೇ ಅದೇ ಡಬ್ಬಿಯಲ್ಲಿತ್ತು. ಇಡೀ ಮನೆಯ ನೆಟ್‌ವರ್ಕ್ ಸತ್ತಿತು. ನಾನು ಹೋಗಿ ನೋಡಿದರೆ ಮೂರೂ ಡಬ್ಬಿಯ ಎಲ್ಲ ಲೈಟುಗಳೂ ಒಂದೇ ತಾಳದಲ್ಲಿ ಪಟಪಟ ಹೊಡೆದುಕೊಳ್ಳುತ್ತಿವೆ.

ಇದಕ್ಕೆ ಲೂಪ್ ಅಂತ ಹೆಸರು. "ಎಲ್ಲರಿಗೂ" ಅಂತ ಕೂಗಿದ ಸಂದೇಶ ಒಂದು ಬಾಯಿಂದ ಹೊರಟು ಇನ್ನೊಂದರಿಂದ ಒಳಗೆ ಬಂದು ಮತ್ತೆ ಹೊರಡುತ್ತದೆ. ವೈರಿನಲ್ಲಿ ಓಡಾಡುವ ಸಂದೇಶದ ಕಟ್ಟಿಗೆ, ಅಂದರೆ ಈಥರ್ನೆಟ್ ಫ್ರೇಮ್‌ಗೆ, ಆಯಸ್ಸು ಅಂತ ಬರೆದಿರುವುದಿಲ್ಲ. ಅದರೊಳಗಿನ ಐಪಿ ಪ್ಯಾಕೆಟ್ ಆದರೆ ಒಂದೊಂದು ರೂಟರ್ (ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟಿಸುವ ಡಬ್ಬಿ) ದಾಟಿದಾಗಲೂ ಒಂದು ಲೆಕ್ಕ ಕಳೆದು ಕೊನೆಗೆ ಸಾಯುತ್ತದೆ. ಫ್ರೇಮ್ ಸಾಯುವುದಿಲ್ಲ, ಸುತ್ತುತ್ತಾ ಹೆಚ್ಚುತ್ತದೆ. ಇದನ್ನು ತಡೆಯುವ ದಾರಿಯನ್ನು ರೇಡಿಯಾ ಪರ್ಲ್‌ಮನ್ ಅನ್ನುವ ಎಂಜಿನಿಯರ್ 1985ರಲ್ಲೇ ಕಂಡುಹಿಡಿದಿದ್ದಾರೆ. ಸ್ಪ್ಯಾನಿಂಗ್ ಟ್ರೀ ಅಂತ. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಮರದ ಹಾಗೆ ಕವಲು ಮಾಡಿಕೊಳ್ಳುತ್ತವೆ, ಸುತ್ತು ಬರುವ ದಾರಿಯನ್ನು ತಾವೇ ಮುಚ್ಚುತ್ತವೆ. ಆಕೆ ಅದರ ಮೇಲೆ ಒಂದು ಪದ್ಯವನ್ನೂ ಬರೆದಿದ್ದಾರೆ. ಮ್ಯಾನೇಜ್ಡ್ ಸ್ವಿಚ್‌ನಲ್ಲಿ, ಅಂದರೆ ಒಳಗೆ ಹೋಗಿ ಸೆಟ್ಟಿಂಗ್ ಬದಲಾಯಿಸಬಹುದಾದ ಸ್ವಿಚ್‌ನಲ್ಲಿ, ಇದು ಇರುತ್ತದೆ. ಆ ಅಗ್ಗದ ಡಬ್ಬಿಗಳಲ್ಲಿ ಇರಲಿಲ್ಲ.

ಸಾಹುಕಾರರು ಒಪ್ಪಿದರು. 24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ ತರಿಸಿದೆವು, ವೈರಿನಲ್ಲೇ ಕರೆಂಟ್ ಕೊಡುವ ಪಿಓಇ ಜಾತಿಯದು. ಅದನ್ನು ಹಾಕಿದ ದಿನವೇ ಮದುವೆ ಮನೆಯವರು ಹೇಳಿದ 'ಒಂದಿಡೀ ದಿನ'. ಅವರಿಗೆ ಗೊತ್ತಿಲ್ಲದ್ದು ಏನೆಂದರೆ ಅದು ಎರಡು ದಿನ. ಮೊದಲನೇದು ನಾನು ಬೇಗ ಮುಗಿಸಿದ ದಿನ.

ಬೇಗ ಯಾಕೆ ಮುಗಿಸಿದೆ? ಸಾಹುಕಾರರು ಹಿಂದೆ ನಿಂತು ಹತ್ತು ನಿಮಿಷಕ್ಕೊಮ್ಮೆ "ಆಯ್ತಾ ಮಾರಾಯ? ಇನ್ನೂ ಎಂತ ಉಂಟು?" ಅನ್ನುತ್ತಿದ್ದರು. ಅದಕ್ಕೆ.

ಮಾಡಬೇಕಾದ ಕೆಲಸ ಹೀಗಿತ್ತು. ಗೋಡೆಗೆ ಹೊಡೆಯುವ ಮೊದಲು ಸ್ವಿಚ್ಚನ್ನು ಮೇಜಿನ ಮೇಲೆ ಇಟ್ಟು, ಲ್ಯಾಪ್‌ಟಾಪಿಗೆ ಅದರ ಸಾಲಿನದೇ ಐಪಿ ವಿಳಾಸ ಕೈಯಾರೆ ಕೊಟ್ಟು ಒಳಗೆ ಹೋಗಬೇಕು. ಪಾಸ್‌ವರ್ಡ್ ಬದಲಾಯಿಸಬೇಕು. ಹೊಸ ಫರ್ಮ್‌ವೇರ್ (ಸ್ವಿಚ್ಚಿನ ಒಳಗಿನ ತಂತ್ರಾಂಶ) ಇದ್ದರೆ ಹಾಕಬೇಕು. ಆಮೇಲೆ ವಿಲ್ಯಾನ್, ಅಂದರೆ ಒಂದೇ ಸ್ವಿಚ್ಚಿನೊಳಗೆ ಬೇರೆಬೇರೆ ನೆಟ್‌ವರ್ಕ್ ಮಾಡೋದು. ಕಾಫಿ ಮೂಟೆಗಳು ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವಾಗ ಒಂದೇ ಲಾರಿಯಲ್ಲಿ ನಾಲ್ಕು ತೋಟದ್ದು ಇರುತ್ತದೆ, ಆದರೆ ಮೂಟೆ ಮೇಲೆ ಗುರುತು ಇರುತ್ತದೆ, ಅಲ್ವಾ? ಇದೂ ಅಷ್ಟೇ. 802.1ಕ್ಯೂ ಅನ್ನುವ ನಿಯಮದ ಪ್ರಕಾರ ಪ್ರತಿ ಫ್ರೇಮ್‌ಗೆ ನಾಲ್ಕು ಬೈಟಿನ ಒಂದು ಚೀಟಿ. ಅದರಲ್ಲಿ 1ರಿಂದ 4094ರವರೆಗೆ ಒಂದು ನಂಬರು. ನಾನು ಮನೆಗೆ 10, ಅತಿಥಿಗಳಿಗೆ 20, ಕ್ಯಾಮೆರಾಗೆ 30, ಸ್ವಿಚ್ಚನ್ನೇ ನೋಡಿಕೊಳ್ಳುವುದಕ್ಕೆ 99 ಇಟ್ಟೆ. ರೂಟರಿಗೆ ಹೋಗುವ ವೈರು ಲಾರಿ, ಎಲ್ಲರ ಮೂಟೆಯೂ ಗುರುತಿನ ಸಮೇತ ಹೋಗುತ್ತದೆ. ಯಾವ ಗುರುತಿನವರು ಯಾವ ಗುರುತಿನವರನ್ನು ನೋಡಬಹುದು ಅಂತ ರೂಟರಿನಲ್ಲಿ ಬರೆಯಬೇಕು. 20ರವರು ಯಾರನ್ನೂ ನೋಡುವ ಹಾಗಿಲ್ಲ, ಇಂಟರ್ನೆಟ್ ಮಾತ್ರ.

ಇದರ ಮಧ್ಯೆ ಒಂದು ಅಪಾಯ ಇದೆ. ನೀವು ಯಾವ ಪೋರ್ಟಿನಲ್ಲಿ ಕೂತು ಕೆಲಸ ಮಾಡುತ್ತಿದ್ದೀರೋ ಅದರ ವಿಲ್ಯಾನನ್ನೇ ಬದಲಾಯಿಸಿದರೆ, ಸ್ವಿಚ್ ನಿಮ್ಮನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಳ್ಳುತ್ತದೆ. ಕೂತ ಕೊಂಬೆ ಕಡಿಯೋದು ಅಂತಾರಲ್ಲ, ಅಕ್ಷರಶಃ ಅದೇ. ನಾನು ಎರಡು ಸಲ ಬಿದ್ದಿದ್ದೇನೆ. ಈಗ ಕೊನೇ ಪೋರ್ಟನ್ನು ಕೊನೇವರೆಗೂ ಮುಟ್ಟುವುದಿಲ್ಲ.

ಅವತ್ತು ಎಲ್ಲವೂ ಸರಿಯಾಯಿತು. ಎರಡೂವರೆ ಗಂಟೆಯಲ್ಲಿ ಮುಗಿಸಿ, ಕಾಫಿ ಕುಡಿದು, ದುಡ್ಡು ಇಸ್ಕೊಂಡು ಮಡಿಕೇರಿಗೆ ಹೊರಟೆ. ಸಂಜೆ ಏಳಕ್ಕೆ ಕರೆಂಟ್ ಹೋಯಿತು. ಮಳೆಗಾಲದ ಕೊಡಗಿನಲ್ಲಿ ಅದು ಸುದ್ದಿಯೇ ಅಲ್ಲ. ಯುಪಿಎಸ್ ಒಂದು ಗಂಟೆ ಎಳೆದು ಮಲಗಿತು. ಎಂಟೂವರೆಗೆ ಕರೆಂಟ್ ಬಂತು, ಒಂಬತ್ತಕ್ಕೆ ನನಗೆ ಫೋನು ಬಂತು. ಯಾವ ಕಾಟೇಜಲ್ಲೂ ಇಂಟರ್ನೆಟ್ ಇಲ್ಲ.

ಸೇವ್ ಮಾಡಿರಲಿಲ್ಲ.

ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಈ ಜಾತಿಯ ಬಹಳಷ್ಟು ಸ್ವಿಚ್‌ಗಳಲ್ಲಿ ಬದಲಾಯಿಸಿದ್ದು ಆಗಿಂದಾಗ್ಗೆ ಜಾರಿಗೆ ಬರುತ್ತದೆ, ಆದರೆ ಅದು ತಾತ್ಕಾಲಿಕ ನೆನಪಿನಲ್ಲಿ ಇರುತ್ತದೆ. ಉಳಿಸು ಅಂತ ಬೇರೆಯಾಗಿ ಹೇಳಬೇಕು. ಹೇಳದಿದ್ದರೆ ಕರೆಂಟ್ ಹೋಗಿ ಬಂದಾಗ ಹಳೇದಕ್ಕೆ ಮರಳುತ್ತದೆ. ರೂಟರಿನಿಂದ ಬಂದ 20ರ ಗುರುತಿನ ಮೂಟೆಗಳನ್ನು ನೋಡಿ ಸ್ವಿಚ್ "ಇದು ಯಾರದ್ದೋ ನಂಗೊತ್ತಿಲ್ಲ" ಅಂತ ಎಸೆಯುತ್ತಿತ್ತು. ಮೂರ್ನಾಡು ದಾಟಿ, ವೈಪರ್ ಎಷ್ಟು ಜೋರಾಗಿ ಹೊಡೆದರೂ ರಸ್ತೆ ಕಾಣದ ಮಳೆಯಲ್ಲಿ ವಾಪಸ್ ಹೋದೆ. ನನಗಿಂತ ಮುಂಚೆ ಒಂದು ಮರ ರಸ್ತೆಗೆ ಬಂದು ಮಲಗಿತ್ತು. ಅದನ್ನು ಕೊಯ್ದು ಸರಿಸುವವರೆಗೆ ಕಾರಲ್ಲಿ ಕೂತು, ಆ ಒಂದು ಬಟನ್ ಪರದೆಯ ಯಾವ ಮೂಲೆಯಲ್ಲಿತ್ತು ಅಂತ ಯೋಚಿಸಿದೆ. ಬಲಗಡೆ ಮೇಲೆ. ಕೆಂಪು ಬಣ್ಣದ್ದು ಬೇರೆ.

ಹಾಗಾಗಿ ಮರುದಿನ ಬೆಳಗ್ಗೆಯಿಂದ ಸಂಜೆವರೆಗೆ ಕೂತೆ. ಯಾರು ಹಿಂದೆ ನಿಂತರೂ ತಿರುಗಿ ನೋಡಲಿಲ್ಲ. ಮೂರು ಸಲ ಸೇವ್ ಮಾಡಿದೆ. ಬೇಕಂತಲೇ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿದೆ. ಲೂಪ್ ಮಾಡಿ ನೋಡಿದೆ, ಅದೇ ಹುಡುಗನ ಕೈಯಲ್ಲೇ ಮಾಡಿಸಿದೆ. ಸ್ವಿಚ್ ಒಂದು ಪೋರ್ಟ್ ಮುಚ್ಚಿ ಸುಮ್ಮನೆ ಕೂತಿತು. ಹುಡುಗನಿಗೆ ಸಮಾಧಾನವಾಯಿತು.

ಪಿಓಇ ಲೆಕ್ಕಕ್ಕೆ ಒಂದು ಗಂಟೆ ಹೋಯಿತು. ಪೋರ್ಟಿಗೆ 30 ವ್ಯಾಟ್ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. 24 ಪೋರ್ಟಿಗೆ 720 ಆಗಬೇಕಲ್ಲ? ಇಡೀ ಡಬ್ಬಿಗೆ ಸೇರಿ 190 ಅಂತ ಒಳಗೆ ಸಣ್ಣ ಅಕ್ಷರದಲ್ಲಿ. ಕ್ಯಾಮೆರಾ ರಾತ್ರಿ ಹೊತ್ತು ಕಾಣದ ಕೆಂಪು ದೀಪ ಹಚ್ಚಿಕೊಂಡು ಜಾಸ್ತಿ ಕರೆಂಟ್ ಕುಡಿಯುತ್ತದೆ. ಸಿದ್ದಾಪುರದ ಒಂದು ತೋಟದಲ್ಲಿ ಹಗಲಿಡೀ ಸರಿಯಾಗಿದ್ದ ಕ್ಯಾಮೆರಾ ದಿನಾ ಕತ್ತಲಾಗುತ್ತಲೇ ಸಾಯುತ್ತಿತ್ತು. ಹಗಲಲ್ಲಿ ಹೋಗಿ ನೋಡಿದರೆ ಏನೂ ಸಿಗದು. ಆದ್ದರಿಂದ ಲೆಕ್ಕ ರಾತ್ರಿಯದ್ದೇ ಹಾಕಬೇಕು.

ಕೆಳಗಿನ ಕಾಟೇಜು 130 ಮೀಟರ್ ದೂರ. ತಾಮ್ರದ ಕೇಬಲ್ 100 ಮೀಟರ್‌ವರೆಗೆ ಅಷ್ಟೇ. ಅಲ್ಲಿಗೆ ಫೈಬರ್ ಎಳೆದೆ. ದೂರಕ್ಕಿಂತ ದೊಡ್ಡ ಕಾರಣ ಸಿಡಿಲು. ಕಾಫಿ ಹೂ ಅರಳಿಸುವ ಹೂಮಳೆ ಬರುವಾಗ ಗುಡುಗು ಸಿಡಿಲು ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಹೊರಗೆ ಹೋಗುವ ತಾಮ್ರದ ತಂತಿ ಹತ್ತಿರದ ಸಿಡಿಲಿನ ಹೊಡೆತವನ್ನು ನೇರ ಮನೆಯೊಳಗೆ ತಂದು ಸ್ವಿಚ್‌ಗೆ ಬಡಿಸುತ್ತದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದು.

ಆದರೆ ದಿನದ ಅರ್ಧ ಹೋಗಿದ್ದು ಇದ್ಯಾವುದರಲ್ಲೂ ಅಲ್ಲ. ಯಾರೂ ಕೇಳದ, ನನಗೆ ಯಾರಾದರೂ ಕೇಳಲಿ ಅನ್ನಿಸುವ ಪ್ರಶ್ನೆ ಒಂದಿದೆ: ಯಾವ ವೈರ್ ಎಲ್ಲಿಗೆ ಹೋಗುತ್ತೆ?

ಆ ಮನೆಯಲ್ಲಿ ಹತ್ತೊಂಬತ್ತು ವೈರ್ ಇದ್ದವು. ಒಂದಕ್ಕೂ ಚೀಟಿ ಇರಲಿಲ್ಲ. ಒಂದು ತುದಿಗೆ ಟೋನರ್ (ವೈರ್ ಹುಡುಕಲು ಸದ್ದು ಕಳಿಸುವ ಸಣ್ಣ ಯಂತ್ರ) ಸಿಕ್ಕಿಸಿ, ಕುಂಯ್ ಅನ್ನುವ ಸದ್ದು ಹಿಡಿದು, ಅಟ್ಟ ಹತ್ತಿ ಮಾಡಿನಲ್ಲಿ ತೆವಳಿ ಇನ್ನೊಂದು ತುದಿ ಹುಡುಕಿದೆ. ಪೈಪಿನ ಒಳಗೆ ಇರುವೆ ಗೂಡು, ಹಲ್ಲಿ ಮೊಟ್ಟೆ, ಒಂದು ಕಡೆ ಯಾರೋ ವೈರಿಗೆ ಒಣಮೀನು ತೂಗುಹಾಕಿದ್ದರು. ಹದಿನೆಂಟು ಸಿಕ್ಕವು. ಹತ್ತೊಂಬತ್ತನೇದು ಹಿಂದಿನ ಗೋಡೆ ತೂರಿ ಹೊರಗೆ ಹೋಗಿ, ಹಲಸಿನ ಮರ ಸುತ್ತಿ, ತೋಟಕ್ಕೆ ಇಳಿಯಿತು. ಇಂಬಳ ಕಚ್ಚಿಸಿಕೊಳ್ಳುತ್ತಾ ಅದರ ಹಿಂದೆ ಹೋದೆ. ಒಂದು ಸಿಲ್ವರ್ ಓಕ್ ಮರಕ್ಕೆ ಹತ್ತಿ, ಕಾಳುಮೆಣಸಿನ ಬಳ್ಳಿಯ ಒಳಗೆ ಹೊಕ್ಕಿತ್ತು. ಬಳ್ಳಿ ಸರಿಸಿದರೆ ಕತ್ತರಿಸಿದ ತುದಿ. ಅಲ್ಲಿಗೆ ಯಾಕೆ ಎಳೆದರು, ಯಾರು ಎಳೆದರು, ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅದನ್ನು ಸ್ವಿಚ್‌ಗೆ ಹಾಕದೆ ಬಿಟ್ಟೆ.

ಮಿಕ್ಕಿದ್ದನ್ನೆಲ್ಲ ಒಂದು ಹಳೇ ಕಾಫಿ ಲೆಕ್ಕದ ಪುಸ್ತಕದ ಕೊನೇ ಹಾಳೆಗಳಲ್ಲಿ ಬರೆದೆ. ಎಡಗಡೆ ಪೋರ್ಟ್ ನಂಬರು, ಬಲಗಡೆ ಊರು. 1, ರೂಟರ್. 6, ಅಡುಗೆಮನೆ ವೈಫೈ. 14, ಕಣದ ಕ್ಯಾಮೆರಾ. ಸ್ವಿಚ್‌ನ ಸೆಟ್ಟಿಂಗಿನ ಒಂದು ಪ್ರತಿ ಪೆನ್‌ಡ್ರೈವಿಗೆ ಹಾಕಿ ಪುಸ್ತಕಕ್ಕೆ ದಾರದಿಂದ ಕಟ್ಟಿದೆ. ಸಾಹುಕಾರರು ಅದನ್ನು ಮುಟ್ಟಲಿಲ್ಲ. ಅಜ್ಜಿ ತೆಗೆದುಕೊಂಡು ಹೋಗಿ ದೇವರ ಪಟದ ಹಿಂದೆ ಇಟ್ಟರು.

ಜನವರಿಯಲ್ಲಿ, ಕಾಫಿ ಒಣಗುತ್ತಿದ್ದ ಕಾಲದಲ್ಲಿ, ಅಜ್ಜಿಯ ಫೋನು ಬಂತು. ಸಾಹುಕಾರರು ಮೈಸೂರಿಗೆ ಹೋಗಿದ್ದಾರೆ, ಕಣದ ಚಿತ್ರ ಬರುತ್ತಿಲ್ಲ, ರಾತ್ರಿ ಯಾರಾದರೂ ಮೂಟೆ ಹೊತ್ತುಕೊಂಡು ಹೋದರೆ? ನಾನು ಕುಶಾಲನಗರ ಬಸ್‌ಸ್ಟ್ಯಾಂಡಿನಲ್ಲಿದ್ದೆ, ಕೈಯಲ್ಲಿ ಮೊಬೈಲ್ ಮಾತ್ರ. ಸ್ವಿಚ್ ಒಳಗೂ ಪೋರ್ಟಿಗೆ ಹೆಸರು ಕೊಟ್ಟಿದ್ದೇನೆ, ಆದರೆ ಮೊಬೈಲಿನಲ್ಲಿ ಆ ಪುಟ ಅರ್ಧವೇ ಕಾಣುತ್ತದೆ. ಪುಸ್ತಕ ತೆಗೆಯಿರಿ ಅಂದೆ. ಕನ್ನಡಕ ಹುಡುಕುವ ಸದ್ದು, ಹಾಳೆ ತಿರುಗಿಸುವ ಸದ್ದು. "ಹದಿನಾಲ್ಕು" ಅಂದರು. ದೂರದಿಂದಲೇ ಆ ಮನೆಯ ನೆಟ್‌ವರ್ಕಿಗೆ ಹೋಗುವ ದಾರಿ ವಿಪಿಎನ್‌ನಲ್ಲಿ ಒಳಗೆ ಹೋಗಿ 14ರ ಕರೆಂಟ್ ತೆಗೆದು ಮತ್ತೆ ಕೊಟ್ಟೆ. ಒಂದು ನಿಮಿಷಕ್ಕೆ ಕಣ ಬಂತು.

ಫೋನ್ ಇಡಬಹುದಿತ್ತು. ಅಜ್ಜಿ ಇಡಲಿಲ್ಲ.

"ಹದಿನೈದರ ಮುಂದೆ ನೀನು ಏನೂ ಬರೆದಿಲ್ಲ. ಇಲ್ಲಿ ಪಕ್ಕದಲ್ಲಿ ಒಂದು ವೈರ್ ಸುಮ್ನೆ ನೇತಾಡ್ತಾ ಉಂಟು. ಅದು ಎಲ್ಲಿಗೆ ಹೋಗೋದು?"

"ಅದನ್ನು ಎಲ್ಲೂ ಚುಚ್ಚಬೇಡಿ ಅಜ್ಜಿ. ಅದು ಮೆಣಸಿನ ಬಳ್ಳಿಗೆ ಹೋಗುತ್ತೆ" ಅಂದೆ.

"ಇರು" ಅಂದರು. ಪೆನ್ನು ಹುಡುಕಿ ಬರೆದುಕೊಂಡರು.