ಉತ್ತರ ಸರಿಯಾಗಿಯೇ ಬಂದಿತ್ತು

ಕೆಂಪು ಎಲ್‌ಇಡಿಗಳಿಗೆ ಒಂದೊಂದಾಗಿ ಸೊನ್ನೆಯಿಂದ 3 ವೋಲ್ಟ್‌ವರೆಗೆ 0.05 ವೋಲ್ಟ್‌ನ ಹೆಜ್ಜೆಗಳಲ್ಲಿ ವೋಲ್ಟೇಜ್ ಕೊಟ್ಟು, ಪ್ರತಿ ಹೆಜ್ಜೆಯಲ್ಲಿ ಹರಿಯುವ ಕರೆಂಟನ್ನು ದಾಖಲಿಸುವ ಕೆಲಸ ಅಂದು ನನ್ನ ಪಾಲಿಗಿತ್ತು. ವೋಲ್ಟೇಜ್ ಕೊಡುವುದು, ಕರೆಂಟ್ ಅಳೆಯುವುದು ಎರಡನ್ನೂ ಮಾಡುವ ಸೋರ್ಸ್ ಮೀಟರಿನೊಳಗೆ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟೊಂದನ್ನು ಮೊದಲೇ ತುಂಬಿದ್ದೆವು. ಪಕ್ಕದ ಕೋಣೆಯ ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ ಅದರ ವೇರಿಯಬಲ್‌ಗಳಿಗೆ, ಅಂದರೆ ಬೆಲೆಗಳನ್ನು ಹಿಡಿದಿಡುವ ಹೆಸರುಗಳಿಗೆ, ಬೆಲೆ ಕಳುಹಿಸಿ, ಸ್ಕ್ರಿಪ್ಟನ್ನು ಓಡಿಸಿ, ಅಳತೆಗಳನ್ನು ಓದಿಕೊಂಡರೆ ಮುಗಿಯಿತು.

ಬೆಳಿಗ್ಗೆಯೇ ಒಂದು ಪೆಟ್ಟು ತಿಂದಿದ್ದೆ. ಕಳುಹಿಸುವ ಪ್ರತಿ ಸಾಲನ್ನೂ ಉಪಕರಣ ಪ್ರತ್ಯೇಕ ತುಣುಕಾಗಿ ನಡೆಸುವುದರಿಂದ, ಒಂದು ಸಾಲಿನಲ್ಲಿ 'ಲೋಕಲ್' ಎಂದು ಘೋಷಿಸಿದ ವೇರಿಯಬಲ್ ಮುಂದಿನ ಸಾಲಿಗೆ ಉಳಿದಿರಲಿಲ್ಲ. ಅದರ ಬೆಲೆ ಕೇಳಿದರೆ 'ನಿಲ್', ಅಂದರೆ ಬೆಲೆಯೇ ಇಲ್ಲ, ಎಂಬ ಉತ್ತರ ಬಂದಿತ್ತು. ಅದನ್ನು ಎಲ್ಲ ಸಾಲುಗಳಿಗೂ ಸಿಗುವ ಗ್ಲೋಬಲ್ ಮಾಡಿ, ಇನ್ನು ಮುಂದೆ ಪ್ರತಿ ಬೆಲೆಯನ್ನೂ ತಿರುಗಿ ಓದಿಯೇ ಮುಂದುವರಿಯುವೆನೆಂದು ನಿಶ್ಚಯಿಸಿದೆ. ಕರೆಂಟಿನ ಮಿತಿಗೆ 0.01 ಆಂಪಿಯರ್ ಕಳುಹಿಸಿ, ಪ್ರಿಂಟ್ ಆಜ್ಞೆಯಿಂದ ಕೇಳಿದಾಗ ಅದೇ ಬೆಲೆ ಘಾತರೂಪದಲ್ಲಿ ಮರಳಿತು. ನಿರಾತಂಕವಾಗಿ ಓಡಿಸಿದೆ.

ಮಿತಿ ತಲುಪಿದ ಮೇಲೆ ಕರೆಂಟು 10 ಮಿಲಿಆಂಪಿಯರಿನಲ್ಲಿ ಸಮತಟ್ಟಾಗಬೇಕಿತ್ತು. ಪರದೆಯ ಗೆರೆ ಮಾತ್ರ ಏರುತ್ತಲೇ ಹೋಯಿತು. ಎದ್ದು ಹೋಗಿ ನೋಡಿದರೆ ನಾಲ್ಕನೆಯ ಎಲ್‌ಇಡಿ ಕಣ್ಣು ಕುಕ್ಕುವಷ್ಟು ಉರಿಯುತ್ತಿತ್ತು. ಮೊದಲ ಮೂರನ್ನು ಮತ್ತೆ ಹಚ್ಚಿದಾಗ ಅವುಗಳ ಬೆಳಕು ಮಂಕಾಗಿತ್ತು.

ಸ್ಕ್ರಿಪ್ಟನ್ನು ತೆರೆದು ಸಾಲು ಸಾಲಾಗಿ ಓದಿದ ಮೇಲೆ ಕಾರಣ ಕಂಡಿತು. ಅದರಲ್ಲಿ ಮಿತಿಯ ಹೆಸರೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿತ್ತು, ನಾನು ಕಳುಹಿಸಿದ ಹೆಸರಿನ ನಡುವೆ ಒಂದು 'ಎಲ್' ದೊಡ್ಡಕ್ಷರವಾಗಿತ್ತು. ಅಕ್ಷರಗಳಲ್ಲಿ ದೊಡ್ಡದು ಸಣ್ಣದೆಂಬ ಭೇದವೇ ಇಲ್ಲದ ಕನ್ನಡದಲ್ಲಿ ಯೋಚಿಸುವವನ ಕಣ್ಣಿಗೆ ಅದು ಬೀಳಲಿಲ್ಲ ಎಂದು ನೆಪ ಹೇಳಬಹುದೇನೋ. ಲುವಾಕ್ಕೆ ಅವು ಎರಡು ಬೇರೆ ಹೆಸರುಗಳು. ಗೊತ್ತಿಲ್ಲದ ಹೆಸರಿಗೆ ಬೆಲೆ ಕೊಟ್ಟರೆ ಅದು ಆಕ್ಷೇಪಿಸದೆ ಹೊಸ ವೇರಿಯಬಲ್ ಹುಟ್ಟಿಸುತ್ತದೆ. ಅಳತೆಯ ಉಪಕರಣಗಳಿಗೆ ಆಜ್ಞೆ ಕೊಡುವ ಪ್ರಮಾಣಿತ ಭಾಷೆಯಾದ ಎಸ್‌ಸಿಪಿಐಯಲ್ಲಿ ಅಕ್ಷರದ ಗಾತ್ರ ಲೆಕ್ಕಕ್ಕಿಲ್ಲ, ಆಜ್ಞೆಯ ಹೆಸರನ್ನೇ ತಪ್ಪಾಗಿ ಬರೆದಿದ್ದರೆ ದೋಷಗಳ ಸಾಲಿನಲ್ಲಿ −113 ಎಂಬ ಸಂಖ್ಯೆಯಾದರೂ ಸಿಗುತ್ತಿತ್ತು. ಇಲ್ಲಿ ನಾನು ತಿರುಗಿ ಓದಿದ್ದು ನಾನೇ ಹುಟ್ಟಿಸಿದ ವೇರಿಯಬಲನ್ನು. ಸ್ಕ್ರಿಪ್ಟ್ ಬಳಸಿದ್ದು ತನ್ನ ಪೂರ್ವನಿಗದಿತ 0.1 ಆಂಪಿಯರನ್ನು, ಅಂದರೆ ಹತ್ತು ಪಟ್ಟು.

ಹೆಸರು ತಿದ್ದಿದರೆ ಸಾಕಾಗುತ್ತಿತ್ತು, ಆದರೆ ನನ್ನ ಓದುವಿಕೆಯ ಮೇಲೆಯೇ ನನಗೆ ನಂಬಿಕೆ ಹೋಗಿತ್ತು. ಆದ್ದರಿಂದ ಔಟ್‌ಪುಟ್ ಆನ್ ಮಾಡುವ ಮೊದಲು, ಸ್ಕ್ರಿಪ್ಟಿನ ವೇರಿಯಬಲನ್ನಲ್ಲ, ಉಪಕರಣದ ಚಾನೆಲ್ ನಿಜವಾಗಿ ಹಿಡಿದಿರುವ ಮಿತಿಯನ್ನೇ ಓದಿ ಕಂಪ್ಯೂಟರಿಗೆ ಕಳುಹಿಸುವಂತೆ ಸ್ಕ್ರಿಪ್ಟನ್ನು ಬದಲಿಸಿದೆ. ಉಪಕರಣ ತನ್ನ ರೇಂಜಿಗೆ ತಕ್ಕಂತೆ ಬೆಲೆಯನ್ನು ತುಸು ದುಂಡಾಗಿಸಬಹುದಾದ್ದರಿಂದ, ಹೋಲಿಕೆಯಲ್ಲಿ ಅಲ್ಪ ವ್ಯತ್ಯಾಸಕ್ಕೆ ಅವಕಾಶವಿಟ್ಟೆ.

ಐದನೆಯ ಎಲ್‌ಇಡಿಯ ಗೆರೆ 10 ಮಿಲಿಆಂಪಿಯರಿನಲ್ಲಿ ಮಲಗಿತು. ಕೊನೆಗೆ ಆ ದೊಡ್ಡ 'ಎಲ್'ನ ವೇರಿಯಬಲಿಗೆ 'ನಿಲ್' ಕಳುಹಿಸಿ ಅಳಿಸಿದೆ. ಮತ್ತೊಮ್ಮೆ ಕೇಳಿದೆ, 'ನಿಲ್' ಎಂದಿತು.