ಮೂರು ಫ್ರೇಮ್‌ವರ್ಕ್, ಒಂದು ಡೇಟಾಬೇಸ್, ಎರಡು ಭಾನುವಾರ

ಜಾಂಗೋದಲ್ಲಿರುವ (ಅದು ಪೈಥಾನ್ ಭಾಷೆಯ ಫ್ರೇಮ್‌ವರ್ಕ್, ಅಂದರೆ ವೆಬ್ ಸೇವೆ ಕಟ್ಟುವ ಸಿದ್ಧ ಚೌಕಟ್ಟು) ನಮ್ಮ ಸೇವೆ ನಿಧಾನ, ಅದನ್ನು ಗೋ ಭಾಷೆಯಲ್ಲಿ ಹೊಸದಾಗಿ ಬರೆಯೋಣ ಎಂದು ತಂಡದಲ್ಲಿ ಮೊದಲು ದನಿ ಎತ್ತಿದವಳು ನಾನೇ. ಪುರಾವೆ ತರುತ್ತೇನೆ ಎಂದು ಬೇರೆ ಹೇಳಿಬಿಟ್ಟೆ. ಹಾಗಾಗಿ ಒಂದೇ ಕೆಲಸವನ್ನು ಜಾಂಗೋ, ನೋಡ್‌ನ (ಜಾವಾಸ್ಕ್ರಿಪ್ಟ್ ಓಡಿಸುವ ವೇದಿಕೆ) ಎಕ್ಸ್‌ಪ್ರೆಸ್ ಮತ್ತು ಗೋದ ಜಿನ್, ಮೂರರಲ್ಲೂ ಬರೆಯಬೇಕಾಯಿತು.

ಬರೀ ‘ಹಲೋ’ ಎಂದು ಉತ್ತರಿಸುವ ಪರೀಕ್ಷೆಯಲ್ಲಿ ಜಿನ್ ಉಳಿದೆರಡನ್ನೂ ಬಹು ದೂರ ಹಿಂದೆ ಬಿಟ್ಟಿತು. ಟೆಕ್‌ಎಂಪವರ್ ಎಂಬ ಕಂಪನಿ 2013ರಲ್ಲಿ ಆರಂಭಿಸಿದ ಫ್ರೇಮ್‌ವರ್ಕ್ ವೇಗದ ಹೋಲಿಕೆಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಅವುಗಳಲ್ಲಿ ಎಲ್ಲರೂ ತೋರಿಸುವುದು ಬರೀ ಪಠ್ಯ ಕಳಿಸುವ ಪ್ಲೇನ್‌ಟೆಕ್ಸ್ಟ್ ಕೋಷ್ಟಕವನ್ನು. ನನಗೆ ಹಿಡಿಸುವುದು ‘ಫಾರ್ಚೂನ್ಸ್’: ಡೇಟಾಬೇಸಿನಿಂದ ಸಾಲುಗಳನ್ನು ತಂದು, ಒಂದನ್ನು ಸೇರಿಸಿ, ವಿಂಗಡಿಸಿ, ಎಚ್‌ಟಿಎಂಎಲ್ ಪುಟವಾಗಿ ಕೊಡಬೇಕು. ನಿಜವಾದ ಕೆಲಸಕ್ಕೆ ಅದೇ ಹತ್ತಿರ.

ನಾನೂ ಡೇಟಾಬೇಸ್ ಜೋಡಿಸಿದೆ: ಪೋಸ್ಟ್‌ಗ್ರೆಸ್, ಮೂರು ಟೇಬಲ್ ಕೂಡಿಸುವ ನಮ್ಮದೇ ಒಂದು ಕ್ವೆರಿ (ಮಾಹಿತಿ ಕೇಳುವ ಆದೇಶ), ಸೇವೆಗೆ ಏಕಕಾಲಕ್ಕೆ 200 ಸಂಪರ್ಕಗಳ ಹೊರೆ. ಎಕ್ಸ್‌ಪ್ರೆಸ್ ಗೆದ್ದಿತು! ಜಿನ್‌ನ ಫಲಿತಾಂಶದ ಕೊನೆಯಲ್ಲಿ, ನಾನು ಎರಡು ಸಲ ಓದದೇ ಬಿಟ್ಟಿದ್ದ ಸಾಲೊಂದಿತ್ತು: ಬಂದ ಉತ್ತರಗಳಲ್ಲಿ ಎಷ್ಟೋ ‘500’ ಸಂಕೇತದ ದೋಷಗಳು, ಅಂದರೆ ಸರ್ವರ್ ಕೈಚೆಲ್ಲಿದ ವಿನಂತಿಗಳು.

ಕಾರಣ ಹುಡುಕುವುದರಲ್ಲಿ ಎರಡನೆಯ ಭಾನುವಾರ ಮುಗಿಯಿತು. ಗೋದ ಡೇಟಾಬೇಸ್ ಪ್ಯಾಕೇಜು ನಾವು ಹೇಳದಿದ್ದರೆ ತೆರೆಯುವ ಸಂಪರ್ಕಗಳಿಗೆ ಮಿತಿಯನ್ನೇ ಹಾಕುವುದಿಲ್ಲ, ಬಿಡುವಾದವುಗಳಲ್ಲಿ ಉಳಿಸಿಕೊಳ್ಳುವುದು ಎರಡನ್ನು ಮಾತ್ರ. ಪೋಸ್ಟ್‌ಗ್ರೆಸ್‌ನ ಪೂರ್ವನಿಗದಿತ ಮಿತಿ 100; ಅದನ್ನು ಮೀರಿ ಬಂದ ಸಂಪರ್ಕಗಳನ್ನು ಅದು ನಿರಾಕರಿಸುತ್ತದೆ, ಆ ದೋಷಗಳು ಬಂದದ್ದು ಅಲ್ಲಿಂದ. ಹೊಸ ಸಂಪರ್ಕವೆಂದರೆ ಅಲ್ಲಿ ಹೊಸ ಪ್ರಕ್ರಿಯೆ, ಜೊತೆಗೆ ಗುಪ್ತಪದದ ಪರಿಶೀಲನೆ. ಜಾಂಗೋದ್ದೂ ಅದೇ ರೋಗ, ಇನ್ನೊಂದು ರೂಪದಲ್ಲಿ: ಸಂಪರ್ಕದ ಆಯುಷ್ಯ ಪೂರ್ವನಿಗದಿಯಲ್ಲಿ ಸೊನ್ನೆ, ಅಂದರೆ ವಿನಂತಿ ಮುಗಿದೊಡನೆ ಅದು ಮುಚ್ಚುತ್ತದೆ. ನೋಡ್‌ನ ಪೋಸ್ಟ್‌ಗ್ರೆಸ್ ಪೂಲ್ (ಮತ್ತೆ ಮತ್ತೆ ಬಳಸುವ ಸಂಪರ್ಕಗಳ ಗುಂಪು) ಮಾತ್ರ ಹತ್ತೇ ಸಂಪರ್ಕಗಳನ್ನು ತೆರೆದಿಟ್ಟುಕೊಂಡು ಉಳಿದ ವಿನಂತಿಗಳನ್ನು ಸರದಿಯಲ್ಲಿ ನಿಲ್ಲಿಸಿತ್ತು. ಸರದಿಯಲ್ಲಿ ಕಾದವರೇ ಬೇಗ ಮನೆ ಸೇರಿದರು.

ಗೋದಲ್ಲಿ ಎರಡೂ ಮಿತಿಗಳನ್ನು 20 ಮಾಡಿದೆ, ಜಾಂಗೋದಲ್ಲಿ ಆಯುಷ್ಯವನ್ನು 60 ಸೆಕೆಂಡಿಗೆ ಏರಿಸಿದೆ. ಹೊರೆ ಹಾಕುವ ಉಪಕರಣವನ್ನು ಬೇರೆ ಯಂತ್ರಕ್ಕೆ ಒಯ್ದೆ. (ಅಲ್ಲಿಯವರೆಗೆ ಅದು ಸರ್ವರ್ ಇದ್ದ ಲ್ಯಾಪ್‌ಟಾಪ್‌ನಲ್ಲೇ ಓಡುತ್ತಾ ಅದರ ಸಿಪಿಯುವನ್ನೇ ಕಸಿಯುತ್ತಿತ್ತು. ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.) ಈ ಬಾರಿ ಜಿನ್, ಎಕ್ಸ್‌ಪ್ರೆಸ್, ಜಾಂಗೋ ಎಂಬ ನಿರೀಕ್ಷಿತ ಕ್ರಮವೇ ಬಂತು. ಆದರೆ ‘ಹಲೋ’ ಪರೀಕ್ಷೆಯಲ್ಲಿ ಕಂಡಿದ್ದ ಅಂತರದ ಬಹುಪಾಲು ಕರಗಿತ್ತು. ಪ್ರಕ್ರಿಯೆಗಳ ಪಟ್ಟಿ ತೆರೆದರೆ ಮೇಲೆ ಕುಳಿತು ಸಿಪಿಯು ನುಂಗುತ್ತಿದ್ದದ್ದು ಪೋಸ್ಟ್‌ಗ್ರೆಸ್, ಮೂರೂ ಸಲ.

ಕಚೇರಿಯಲ್ಲಿ ನನ್ನ ಪ್ರಸ್ತಾವವನ್ನು ಹಿಂದಕ್ಕೆ ಪಡೆದು, ಜಾಂಗೋ ಸೇವೆಯ ಸೆಟ್ಟಿಂಗ್ಸ್ ಕಡತದಲ್ಲಿ ಸಂಪರ್ಕದ ಆಯುಷ್ಯದ ಒಂದು ಸಾಲು ಬದಲಿಸಿದೆ. ಬಳಿಕ ಆ ಕ್ವೆರಿಯ ಎಕ್ಸ್‌ಪ್ಲೇನ್ (ಡೇಟಾಬೇಸ್ ಅದನ್ನು ಹೇಗೆ ನಡೆಸುತ್ತದೆ ಎಂಬ ವಿವರ) ತೆಗೆದು ನೋಡಿದೆ. ಅತಿ ದೊಡ್ಡ ಟೇಬಲ್‌ನ ಮೇಲೆ ಸೀಕ್ವೆನ್ಷಿಯಲ್ ಸ್ಕ್ಯಾನ್, ಅಂದರೆ ಒಂದೊಂದೇ ಸಾಲು ಓದುತ್ತಾ ಹೋಗುವ ಹುಡುಕಾಟ, ನಡೆಯುತ್ತಿತ್ತು. ಬೇಕಾದ ಸಾಲನ್ನು ನೇರ ತೋರಿಸುವ ಇಂಡೆಕ್ಸ್ ಇರಲಿಲ್ಲ. ಆ ಟೇಬಲ್ ಮಾಡಿದವಳೂ ನಾನೇ.